ನೀರಿನಡಿಯ ಸುಣ್ಣ

ಬುಖಾರಾದ ನಮ್ಮ ಓಣಿಯಲ್ಲಿ
ಬಾಗಿಲೆದುರಿನ ಗೋಡೆಯ ಒಂದು ಮೊಳ ಜಾಗ
ಗಾರೆ ಕಾಣದೆ ಉಳಿದಿರುತ್ತದೆ.
ಮಣ್ಣು, ಹುಲ್ಲು, ಒಂದೆರಡು ಇಟ್ಟಿಗೆಯ ಹಲ್ಲು.
ಬಂದವರು ಅಂದುಕೊಳ್ಳುತ್ತಾರೆ, ಪಾಪ, ದುಡ್ಡು ಸಾಲಲಿಲ್ಲ.
ಅಲ್ಲ. ಜೆರುಸಲೇಮಿನ ಆಲಯ ಸುಟ್ಟುಹೋದ ಮೇಲೆ
ನಮ್ಮವರ ಯಾವ ಮನೆಯೂ ಪೂರ್ತಿಯಾಗುವಂತಿಲ್ಲ.

ಈ ಗೋಡೆಗೆ ಗಾರೆ ಹಚ್ಚಿದವನು ನನ್ನ ಗಂಡ, ಅಬೋಹಾಯ್.
ಗೂಡುಗಳ ಸುತ್ತ ದಾಳಿಂಬೆ ಕೊರೆದ, ಬಾದಾಮಿ ಹೂ ಕೊರೆದ.
ಆ ಮೊಳದ ಹತ್ತಿರ ಬಂದಾಗ ಕರಣೆ ಕೆಳಗಿಟ್ಟು
ಅಂಚನ್ನು ಹೆಬ್ಬೆರಳಿನಿಂದ ತೀಡಿದ,
ಇನ್ನೂ ಕೂಡದ ಕೂಸಿನ ನೆತ್ತಿಯನ್ನು
ಮುಟ್ಟುವ ಹಾಗೆ.

ಚರ್ಮದ ಕೋಟಿನವರು ಬಂದದ್ದು ನಡುರಾತ್ರಿ.
ಬೂಟಿನ ದಾರ ಕಟ್ಟಿಕೊಳ್ಳಲೂ ಬಿಡಲಿಲ್ಲ.
ನೀಲಿ ಬಣ್ಣದವರ ಅಂಗಡಿಯ ಹಿಂದೆ
ನಾಲ್ಕು ಹುಡುಗರಿಗೆ
ಬಲದಿಂದ ಎಡಕ್ಕೆ ಓದುವುದನ್ನು ಕಲಿಸಿದ್ದ. ಅಷ್ಟೇ.

ಮೂರು ಚಳಿಗಾಲ.
ರೊಟ್ಟಿಯ ಗಂಟು ಹಿಡಿದು ಸೆರೆಮನೆಯ ಕಿಟಕಿಗೆ ಹೋದಾಗಲೆಲ್ಲ
'ಆ ಹೆಸರಿನವನು ಇಲ್ಲಿಲ್ಲ' ಅನ್ನುವ ಬೋಳುತಲೆಯ ಗುಮಾಸ್ತ
ಒಮ್ಮೆಯೂ ಪಟ್ಟಿ ತೆರೆದು ನೋಡಲಿಲ್ಲ.
ಪ್ರಾರ್ಥನೆಯ ಮನೆಯಲ್ಲಿ ಈಗ ಹತ್ತಿಯ ಮೂಟೆಗಳು,
ನಾವು ನಿಲ್ಲುತ್ತಿದ್ದಲ್ಲೇ, ಮುಖ ಪಡುವಣಕ್ಕೆ.

ಪಕ್ಕದ ಮನೆಯ ಮಾಝೋಲ್ ಪಿಸುಗುಟ್ಟಿದಳು:
'ಆ ಮೊಳ ಮುಚ್ಚಿಬಿಡು, ಜುಲಾಯ್, ಕಣ್ಣಿಗೆ ಬೀಳುತ್ತದೆ.
ಯಾರಿಗಾಗಿ ಬಿಟ್ಟಿದ್ದೀಯೆ?
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ,
ನಮ್ಮ ಪಾಲಿಗೆ ಅವನು
ಎರಡೂ ಕಣ್ಣಿಗೆ ಸುಣ್ಣವನ್ನೇ ಇಟ್ಟ.'

ವಾದಿಸಲಿಲ್ಲ ನಾನು. ಅವಳ ಮಗನೂ ಹೋಗಿದ್ದ.
ಮೂರು ದಿನ ಬಾಯಿಗೆ ಪ್ರಾರ್ಥನೆ ಬರಲಿಲ್ಲ,
ಬಂದರೂ ಒಣಗಿದ ರೊಟ್ಟಿಯ ಹಾಗೆ ಅಂಗಳಕ್ಕೆ ಅಂಟಿತು.
ನಾಲ್ಕನೆಯ ದಿನ ಕರಣೆ ಹುಡುಕಿದೆ.
ಮುಚ್ಚಿಯೇಬಿಡೋಣ.

ಹಿತ್ತಲಿನ ಸುಣ್ಣದ ಗುಂಡಿಯನ್ನು ಮರೆತೇಬಿಟ್ಟಿದ್ದೆ.
ಹಲಗೆ ಎತ್ತಿದರೆ, ತೆಳ್ಳನೆ ಮಂಜುಗಡ್ಡೆ;
ಅದರಡಿ ಒಂದು ಗೇಣು ನೀರು.
ನಾನು ಹಾಕಿದ್ದಲ್ಲ. ಮೂರು ವರ್ಷದ ಹಿಮ
ಹಲಗೆಯ ಸಂದಿಯಲ್ಲಿ ಕರಗಿ ಕರಗಿ ಇಳಿದದ್ದು.
ಅದರಡಿ ಅವನು ಅರಳಿಸಿಟ್ಟ ಸುಣ್ಣ.

ಅವನೇ ಹೇಳುತ್ತಿದ್ದ: 'ಗಾಳಿಗೆ ಬಿಟ್ಟರೆ ಇದು ಕಲ್ಲು.
ನೀರಿನಡಿ ಇಟ್ಟರೆ ಸಾಯುವುದಿಲ್ಲ, ನೋಡು,
ಕಾದಷ್ಟೂ ಬೆಣ್ಣೆಯಾಗುತ್ತದೆ.'

ಮೊಣಕೈವರೆಗೆ ಕೈ ಅದ್ದಿದೆ.
ಬೆಣ್ಣೆಯೇ.
ಚರ್ಮ ಉರಿಯಿತು, ಮಾಝೋಲಳ ಮಾತು ನೆನಪಾಗಿ
ಹಿತ್ತಲಲ್ಲಿ ಒಬ್ಬಳೇ ನಕ್ಕೆ, ಹುಚ್ಚಿಯ ಹಾಗೆ,
ಮತ್ತೆ ಅತ್ತೆ.
ತೆಗೆದದ್ದನ್ನು ತಿರುಗಿ ಗುಂಡಿಗೇ ಜಾರಿಸಿ
ಹಲಗೆ ಮುಚ್ಚಿದೆ.

ವಸಂತದಲ್ಲಿ ತನಿಖೆಯವನು ಬಂದ, ಗೋಡೆಗೆ ಬೆರಳು ತೋರಿಸಿದ:
'ಇದೇನು?'
'ಸುಣ್ಣ ಮುಗಿದುಹೋಯಿತು, ಸ್ವಾಮಿ.'
ದೇವರು ಕ್ಷಮಿಸಲಿ, ಹಿತ್ತಲಲ್ಲಿ ಗುಂಡಿ ತುಂಬ ಇತ್ತು.

ಕಾಯುವುದು ಅಂದರೆ ದಾರಿ ನೋಡುವುದು,
ಕಾಯುವುದು ಅಂದರೆ ಕೆಡದಂತೆ ನೋಡುವುದು.
ಅವನು ನನ್ನನ್ನು ಕಾಯುತ್ತಿದ್ದಾನೋ, ನನಗೆ ಕಾಣುವುದಿಲ್ಲ.
ಹಿಮ ಬಿದ್ದದ್ದೂ ನನಗೆ ಕಂಡಿರಲಿಲ್ಲ.

ಬರಬೇಕಾದವರು ಇಬ್ಬರು,
ದಾವೀದನ ವಂಶದವನೊಬ್ಬ, ಅಬೋಹಾಯ್ ಒಬ್ಬ.
ಯಾರು ಮೊದಲೋ ತಿಳಿಯದು.
ಬಂದವರಿಗೆ ಈ ಗೋಡೆಯ ಕೆಲಸ ಬಾಕಿ ಇದೆ,
ಸುಣ್ಣ ಬೇಕಾಗುತ್ತದೆ.

ಈಗ ಬೇಸಿಗೆ; ಹಿಮವನ್ನು ನಂಬುವಂತಿಲ್ಲ.
ಇವತ್ತು ಶುಕ್ರವಾರ, ಹೊತ್ತು ಇಳಿಯುತ್ತಿದೆ,
ದೀಪಕ್ಕೆ ಮೊದಲು ಮುಗಿಸಬೇಕು.
ಗುಂಡಿಯ ನೀರು ನಾಲ್ಕು ಬೆರಳು ಕಡಿಮೆಯಾಗಿದೆ.
ಕೊಡ ಎಲ್ಲಿಟ್ಟೆ?